ಲೆಫ್ಟಾ, ರೈಟಾ?

ಟೊರೊಂಟೊದಲ್ಲಿ ಚಳಿಗಾಲ ಬಂತಂದ್ರೆ ಪಾರ್ಕುಗಳ ಐಸ್ ರಿಂಕ್‌ಗಳಲ್ಲಿ ‘ಶಿನ್ನಿ’ ಶುರು. ಕೋಚ್ ಇಲ್ಲ, ರೆಫ್ರಿ ಇಲ್ಲ. ಆಫೀಸಿನಾಚೆ ಈ ಊರಲ್ಲಿ ನಾಲ್ಕು ಜನ ಪರಿಚಯ ಆಗೋದಿದ್ರೆ ಇಲ್ಲೇ ಅನ್ನಿಸಿ, ಸ್ಟಿಕ್ ಕೊಳ್ಳೋಕೆ ಹೋದೆ.

“ಲೆಫ್ಟಾ, ರೈಟಾ?” ಅಂದ ಅಂಗಡಿಯವ. ಕೊಡಗಿನ ಮೈದಾನದಲ್ಲಿ ಹಾಕಿ ಆಡಿ ಬೆಳೆದವನಿಗೆ ಇದು ಹೊಸದು. ನಮ್ಮ ಸ್ಟಿಕ್ ಒಂದೇ ಥರ. ಎಡಚರೂ ಅದನ್ನೇ ಹಿಡೀಬೇಕು. ಇಲ್ಲಿ ಬ್ಲೇಡು ಎರಡೂ ಕಡೆಗೆ ಬಾಗಿದ್ದು ಸಿಗುತ್ತೆ. ಕೆನಡಾದಲ್ಲಿ ಬಲಗೈಯವರೂ ಎಷ್ಟೋ ಜನ ಲೆಫ್ಟ್ ಸ್ಟಿಕ್ಕೇ ಹಿಡಿಯೋದು, ಮೇಲಿನ ಕೈಯಲ್ಲೇ ಹಿಡಿತ ಇರಬೇಕು ಅಂತ. ನನಗೆ ಎಡಗೈ ಮೇಲಿಟ್ಟೇ ಅಭ್ಯಾಸ. ರೈಟ್ ಅಂದೆ.

ಆಮೇಲೆ ಫ್ಲೆಕ್ಸ್. 85 ಅಂದ್ರೆ ಸ್ಟಿಕ್ ಒಂದಿಂಚು ಬಾಗೋಕೆ 85 ಪೌಂಡ್ ಬಲ ಬೇಕು. ಮೈತೂಕದ ಅರ್ಧ ಅನ್ನೋದು ರೂಢಿ ಲೆಕ್ಕ. 63 ಕೆಜಿಯ ನನಗೆ 70 ಸಾಕು. ಬಾಗದ ಸ್ಟಿಕ್ಕಿಂದ ಪಕ್ ಚಿಮ್ಮಲ್ಲ. ಉದ್ದ ಕತ್ತರಿಸಿದ್ರೆ ಇನ್ನೂ ಬಿಗಿಯಾಗುತ್ತೆ, ನೆನಪಿರಲಿ. ಸ್ಕೇಟ್ ಹಾಕಿ ನಿಂತಾಗ ಗದ್ದಕ್ಕೆ ಬಂದ್ರೆ ಸರಿ. ಪಕ್ ಆಡಿಸೋರಿಗೆ ಗಿಡ್ಡ ಹಿತ. ನಾನು ಡಿಫೆಂಡರ್, ದೂರಕ್ಕೆ ಚಾಚಬೇಕು, ಎರಡಿಂಚು ಹೆಚ್ಚೇ ಉಳಿಸ್ಕೊಂಡೆ.

ಶಿನ್ನಿಯಲ್ಲಿ ಟೀಮ್ ಮಾಡೋ ರೀತಿ ಚೆಂದ. ಎಲ್ಲರ ಸ್ಟಿಕ್ಕೂ ನಡುವೆ ರಾಶಿ, ಒಬ್ಬ ಕಣ್ಮುಚ್ಚಿ ಎರಡು ಕಡೆ ಎಸೀತಾನೆ. ನಂದು ಎಡಗಡೆ ಬಿತ್ತು.