ನಾಟಿ ಔಷಧಿಯ ಊರುಗಳಲ್ಲಿ ಒಂದು ಸುತ್ತು

ಹಾಸನದ ಕಡೆ ಬಂದವರು ಬೇಲೂರು, ಹಳೇಬೀಡು ನೋಡಿಕೊಂಡು ಹೋಗುತ್ತಾರೆ. ಸೋದರಿಯರೇ, ನಾನು ಹೇಳಹೊರಟಿರುವುದು ಬೇರೆ ದಾರಿ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಕೊನೆಗೆ ಹಾಸನ. ತೆಂಗಿನ ತೋಟ, ಹೇಮಾವತಿ ಹೊಳೆ, ಹೊಗೆಸೊಪ್ಪಿನ ಹೊಲ ನೋಡುತ್ತಾ ಬಸ್ಸಿನಲ್ಲಿ ಕೂತರೆ, ಯಾವ ಊರಲ್ಲಿ ಯಾವ ಕಾಯಿಲೆಗೆ ಯಾರು ಔಷಧಿ ಕೊಡ್ತಾರೆ ಅಂತ ಪಕ್ಕದವರೇ ಹೇಳಿಬಿಡುತ್ತಾರೆ. ಈ ನಾಟಿ ವೈದ್ಯರಲ್ಲಿ ಎಷ್ಟೋ ಮಂದಿ ಇಷ್ಟೇ ಹಣ ಅಂತ ಕೇಳುವವರಲ್ಲ. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟರೆ ಸಾಕು. ಗಿಡದ ಹೆಸರು ಮಾತ್ರ ಬಾಯಿಬಿಡುವುದಿಲ್ಲ. ಹೇಳಿದರೆ ಗುಣ ಹೋಗುತ್ತದಂತೆ!

ಮೂಳೆ ಕಟ್ಟುವವರು ಮೊಟ್ಟೆಯ ಬಿಳಿ ಲೋಳೆ ಹಚ್ಚಿ, ಬಿದಿರಿನ ದಬ್ಬೆಯಿಟ್ಟು ಬಟ್ಟೆ ಸುತ್ತುತ್ತಾರೆ. ಅದಕ್ಕೆ ಮೊದಲು ಎಕ್ಸ್‌ರೇ ತೆಗೆಸಿಬಿಡಿ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೀಲಿಯಾದರೆ ಕೂಡಲೇ ಬಿಚ್ಚಿಸಿ ಆಸ್ಪತ್ರೆಗೆ ಹೋಗಿ. ರಕ್ತದ ಓಡಾಟ ನಿಂತರೆ ಕೈಯೇ ಹೋದೀತು.

ಅರಿಶಿನ ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಹೊಟ್ಟೆಗೆ ಕೊಡುವುದುಂಟು. ಎಣ್ಣೆ, ಖಾರ, ಮಾಂಸ ಬಿಡಬೇಕು. ಈ ಗಿಡದಿಂದ ಹೆಪಟೈಟಿಸ್ ಬಿ ಸೋಂಕು ಹೋಗಬಹುದೆಂದು 1988ರಲ್ಲಿ ಮದರಾಸಿನ ಸಂಶೋಧಕರು, ನೊಬೆಲ್ ಪಡೆದ ಬ್ಲಂಬರ್ಗ್ ಅವರೊಂದಿಗೆ ಸೇರಿ ಪ್ರಕಟಿಸಿದ್ದರು. ಮುಂದಿನ ಪರೀಕ್ಷೆಗಳಲ್ಲಿ ಅದು ಖಚಿತವಾಗಲಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಸೊಪ್ಪಿಗೆ!

ಆದರೆ ಬಸುರಿಯರಿಗೆ ಇದೇ ಕಾಮಾಲೆ ಪ್ರಾಣಕ್ಕೆ ಕುತ್ತು. ನಮ್ಮ ನೆಂಟರ ಹುಡುಗಿಗೆ ಏಳು ತಿಂಗಳಲ್ಲಿ ಕಣ್ಣು ಹಳದಿಯಾಯಿತು. ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ ಸೊಪ್ಪು ಕೊಡುವ ಅಜ್ಜಿಯ ಬಳಿಗೆ ಕರೆದುಕೊಂಡು ಹೋದರು. ಅಜ್ಜಿ ಹೊಟ್ಟೆ ನೋಡಿದ್ದೇ ತಡ, "ಬಸುರಿಗೆ ನಾನು ಕೊಡಾಕಿಲ್ಲ ಕಣವ್ವ, ಇವತ್ತೇ ಹಾಸನಕ್ಕೆ ಹೊರಡಿ" ಅಂದುಬಿಟ್ಟರು. ತಾಯಿ, ಮಗು ಇಬ್ಬರೂ ಉಳಿದರು. ತನ್ನ ಕೈಲಾಗದ್ದನ್ನು ತಿಳಿದವರೇ ನಿಜವಾದ ವೈದ್ಯರು ಅನ್ನಿಸಿತು ನನಗೆ.

ಹಾವು ಕಚ್ಚಿದರಂತೂ ಬೇರು, ಮಂತ್ರ ಅಂತ ಒಂದು ಗಳಿಗೆಯೂ ಕಾಯಬೇಡಿ. ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಸಾಗಿಸಿ. ವಿಷವಿಳಿಸುವ ಇಂಜೆಕ್ಷನ್ ಇರುವುದು ಅಲ್ಲಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಗಿಡಮೂಲಿಕೆಯಲ್ಲೇ ನಂಬಿಕೆಯಿದ್ದರೆ ಹಾಸನದಲ್ಲಿ 1992ರಲ್ಲಿ ಆರಂಭವಾದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆಯಿದೆ, ಕಲಿತ ವೈದ್ಯರು ನೋಡುತ್ತಾರೆ. ಉಳುಕು, ನೆಗಡಿಗೆ ಅಜ್ಜಿಯ ಔಷಧಿ ಇರಲಿ. ಬಸುರಿ, ಬಾಣಂತಿ, ಎಳೆಗೂಸಿನ ವಿಷಯದಲ್ಲಿ ಮನೆಯ ಹಿರಿಯರು ಏನೇ ಹೇಳಲಿ, ಮೊದಲು ಡಾಕ್ಟರಿಗೆ ತೋರಿಸಿ.