ಮದವಿಳಿದ ಮೇಲೆ

ಸೆಪ್ಟೆಂಬರ್ ಮಾಸದಲ್ಲಿ ಎಲ್ಕ್ ಮೃಗವನ್ನು ಅರಸಿ ಹೊರಟವನಿಗೆ ಕಣ್ಣಿನ ಅವಶ್ಯಕತೆ ಅಷ್ಟಾಗಿ ಇಲ್ಲ, ಕಿವಿಯೊಂದಿದ್ದರೆ ಸಾಕು. ನಮ್ಮ ಕಡವೆಯ ಕುಲಕ್ಕೇ ಸೇರಿದರೂ ಅದಕ್ಕಿಂತ ಎತ್ತರವಾದ, ಪೂರ್ಣವಾಗಿ ಬೆಳೆದಾಗ ಸುಮಾರು ಮುನ್ನೂರು ಕಿಲೋಗ್ರಾಂ ತೂಗುವ ಈ ಮೃಗದ ಗಂಡುಗಳು, ಮದಕಾಲದ ಆವೇಶದಲ್ಲಿ ಅಮೆರಿಕದ ರಾಕಿ ಪರ್ವತಗಳ ಕಣಿವೆಗಳೆಲ್ಲ ಮಾರ್ದನಿಗೊಡುವಂತೆ ಕೂಗಿ, ತಾವಿರುವ ಎಡೆಯನ್ನು ತಾವೇ ಸಾರಿ ಹೇಳುತ್ತವೆ. ಅಕ್ಟೋಬರಿನ ಮಧ್ಯದ ಹೊತ್ತಿಗೆ ಆ ಕೋಲಾಹಲ ಅಡಗುತ್ತದೆ; ಆಸ್ಪೆನ್ ಮರಗಳ ಹೊನ್ನೆಲೆಗಳು ಉದುರಿ ನೆಲ ಸೇರುತ್ತವೆ; ಹೆಣ್ಣುಗಳೂ ಮರಿಗಳೂ ಹಿಂಡುಗೂಡಿ ಮೇವಿನ ಬಯಲುಗಳತ್ತ ಸರಿಯುತ್ತವೆ; ಕೆಲವೇ ವಾರಗಳ ಹಿಂದೆ ಆ ಹಿಂಡಿಗೆ ಒಡೆಯನಾಗಿ ಮೆರೆದ ಹಿರಿಯ ಗಂಡು ಮಾತ್ರ ನೆಲ ನುಂಗಿತೋ ಎಂಬಂತೆ ಕಾಣೆಯಾಗುತ್ತದೆ. ಕೋವಿಯ ಬೇಟೆಗೆಂದು ಕೊಲರಾಡೊ ರಾಜ್ಯ ಗೊತ್ತುಪಡಿಸಿರುವ ಅವಧಿಗಳು ಬಹುಮಟ್ಟಿಗೆ ಬರುವುದು ಈ ಮೌನದ ಕಾಲದಲ್ಲಿಯೇ. ಹಲವರು ಇದನ್ನು ದುರದೃಷ್ಟವೆನ್ನುತ್ತಾರೆ; ನನಗಾದರೋ ಇಡೀ ವರ್ಷದಲ್ಲಿ ಇದಕ್ಕಿಂತ ಪ್ರಿಯವಾದ ಕಾಲವಿಲ್ಲ.

ಕನ್ನಡನಾಡಿನಿಂದ ಹೋಗಿ ಆ ಸೀಮೆಯಲ್ಲಿ ನೆಲೆಸಿದ ನಾನು ಬೇಟೆಯ ಮಾತನ್ನೆತ್ತಿದಾಗ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ಉಚಿತ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಡವೆ ಜಿಂಕೆಗಳ ಬೇಟೆಯನ್ನು ನಿಷೇಧಿಸಿದೆ. ನಮ್ಮ ಕಾಡುಗಳ ಸ್ಥಿತಿಯನ್ನು ಬಲ್ಲವರಾರೂ ಅದನ್ನು ತಪ್ಪೆನ್ನಲಾರರು. ಕೊಲರಾಡೊದ ಕಥೆ ಬೇರೆ. ಹಿಂದಿನ ಶತಮಾನದ ಆದಿಯಲ್ಲಿ, ಮಾರುಕಟ್ಟೆಗೆ ಮಾಂಸ ಒದಗಿಸುವವರ ಅಂಕೆಯಿಲ್ಲದ ಕೊಲೆಯಿಂದಾಗಿ ಅಲ್ಲಿ ಉಳಿದಿದ್ದ ಎಲ್ಕ್‌ಗಳು ಸಾವಿರದ ಒಳಗೆ. ಅನಂತರ ವಯೋಮಿಂಗ್ ಸೀಮೆಯಿಂದ ತಂದು ಬಿಟ್ಟವುಗಳ ಸಂತತಿಯೂ, ಅಳಿಯದೆ ಉಳಿದವುಗಳ ಸಂತತಿಯೂ ಸೇರಿ ಇಂದು ಆ ಒಂದು ರಾಜ್ಯದಲ್ಲಿಯೇ ಎರಡೂವರೆ ಲಕ್ಷಕ್ಕೆ ಮೀರಿವೆ. ಬೇಟೆಗಾರ ಪರವಾನಗಿಗೆ ತೆರುವ ಹಣವೂ, 1937ರ ಪಿಟ್‌ಮನ್-ರಾಬರ್ಟ್‌ಸನ್ ಶಾಸನದಂತೆ ಕೋವಿ ತೋಟಾಗಳ ಮೇಲೆ ವಿಧಿಸಿದ ತೆರಿಗೆಯೂ ಈ ಮೃಗಗಳ ರಕ್ಷಣೆಗೆ ವಿನಿಯೋಗವಾಗುತ್ತಿರುವುದು ನಾನು ಮನಸಾರೆ ಒಪ್ಪುವ ಏರ್ಪಾಡು.

ಇನ್ನು ಆ ಕಾಣೆಯಾದ ಗಂಡಿನ ವಿಚಾರ. ಅದು ಎಲ್ಲಿ ಹೋಯಿತೆಂದು ಕೇಳುವುದಕ್ಕೆ ಮುನ್ನ ಅದಕ್ಕೆ ಏನಾಗಿದೆಯೆಂದು ಕೇಳಬೇಕು. ಮದಕಾಲದ ನಾಲ್ಕಾರು ವಾರ ಅದು ಸರಿಯಾಗಿ ಮೇದಿಲ್ಲ, ಮಲಗಿಲ್ಲ. ಪ್ರತಿಸ್ಪರ್ಧಿಗಳನ್ನು ಅಟ್ಟುವುದರಲ್ಲಿ, ಹೆಣ್ಣುಗಳನ್ನು ಹಿಂಡಿನಿಂದ ಚದರದಂತೆ ಕಾಯುವುದರಲ್ಲಿ, ಕೊಂಬಿಗೆ ಕೊಂಬು ಹೂಡಿ ಸೆಣಸುವುದರಲ್ಲಿ ದೇಹದ ತೂಕದ ಐದನೆಯ ಒಂದು ಪಾಲಿನಷ್ಟನ್ನು ಅದು ಕಳೆದುಕೊಂಡಿರುವುದುಂಟು. ಬೇಸಗೆಯಿಡೀ ಕೂಡಿಟ್ಟ ಕೊಬ್ಬು ಕರಗಿದೆ; ಮೈಮೇಲೆ ಇರಿತದ ಗಾಯಗಳಿವೆ; ಎದುರಿಗೆ ಆರು ತಿಂಗಳ ಹಿಮಗಾಲವಿದೆ. ಇಂಥ ಸ್ಥಿತಿಯಲ್ಲಿರುವ ಪ್ರಾಣಿಗೆ ಬೇಕಾದುದು ಕೀರ್ತಿಯಲ್ಲ, ಸಂಗವಲ್ಲ. ಹೊಟ್ಟೆ ತುಂಬ ಹುಲ್ಲು, ನಾಲ್ಕೇ ಹೆಜ್ಜೆಯಲ್ಲಿ ಮೈಮರೆಸಿಕೊಳ್ಳುವಷ್ಟು ದಟ್ಟವಾದ ಮರಗಳು, ಯಾರೂ ಬಂದು ಎಬ್ಬಿಸದ ಏಕಾಂತ. ನಮ್ಮ ಮಲೆನಾಡಿಗರು ಒಂಟಿ ಸಲಗವೆಂದರೆ ಯಾವ ಗೌರವದಿಂದ ದನಿ ತಗ್ಗಿಸುತ್ತಾರೋ ಅದೇ ಗೌರವಕ್ಕೆ ಯೋಗ್ಯವಾದ ಒಂಟಿತನವಿದು. ಎರಡು ಮೂರು ಹಿರಿಯ ಗಂಡುಗಳು ಹಗೆ ಮರೆತು ಒಂದೆಡೆ ಮೇಯುವುದೂ ಉಂಟು. ಮೃಗದ ಈ ಅವಸ್ಥೆಯನ್ನು ಅರಿತವನಿಗೆ ನಕ್ಷೆ ತಾನಾಗಿ ತೆರೆದುಕೊಳ್ಳುತ್ತದೆಂಬುದು ನನ್ನ ದೃಢವಾದ ನಂಬಿಕೆ.

ಫ್ಲ್ಯಾಟ್ ಟಾಪ್ಸ್ ಎಂದು ಕರೆಯುವ ಲಾವಾಶಿಲೆಯ ಎತ್ತರದ ಪ್ರಸ್ಥಭೂಮಿ ನನ್ನ ಅಭ್ಯಾಸದ ನೆಲ. ಅಲ್ಲಿಯ ಟ್ರ್ಯಾಪರ್ಸ್ ಸರೋವರದ ದಡದಲ್ಲಿ ಬೇಸಗೆಯ ಮನೆಗಳಿಗೆ ನಿವೇಶನ ಗುರುತಿಸಲು 1919ರಲ್ಲಿ ಅರಣ್ಯ ಇಲಾಖೆ ಕಳುಹಿಸಿದ ಆರ್ಥರ್ ಕಾರ್‌ಹಾರ್ಟ್ ಎಂಬ ತರುಣ, ಆ ನೆಲವನ್ನು ಇದ್ದಂತೆಯೇ ಬಿಡುವುದು ಲೇಸೆಂದು ಮೇಲಿನವರಿಗೆ ಅರಿಕೆ ಮಾಡಿದನು, ಮನೆಗಳು ಏಳಲಿಲ್ಲ. 1975ರಲ್ಲಿ ಆ ಪ್ರದೇಶಕ್ಕೆ ಶಾಸನಬದ್ಧವಾದ ರಕ್ಷಣೆಯೂ ದೊರೆತು, ಇಂದಿಗೂ ಅದರೊಳಗೆ ಯಂತ್ರವಾಹನ ಹೋಗುವಂತಿಲ್ಲ. ಮದವಿಳಿದ ಗಂಡು ಹುಡುಕುವುದು ಇಂಥ ನೆಲವನ್ನೇ. ಉತ್ತರಕ್ಕೆ ಮುಖಮಾಡಿದ ಇಳಿಜಾರುಗಳಲ್ಲಿ ಬಿಸಿಲು ಕಾಣದ ಸ್ಪ್ರೂಸ್ ಮತ್ತು ಫರ್ ಮರಗಳ ಕತ್ತಲೆ. ದಕ್ಷಿಣದ ಮಗ್ಗುಲಲ್ಲಿ ಹಿಮ ಬೇಗ ಕರಗಿ ಒಣಹುಲ್ಲು ಹೊರಗೆ ಕಾಣುವ ಬಿಸಿಲ ತಾಣ. ಇವೆರಡೂ ಹತ್ತಿರ ಹತ್ತಿರ ಕೂಡುವಲ್ಲಿ, ಕಡಿದಾದ ಇಳಿಜಾರಿನ ನಡುವೆ ಮನೆಯ ಮುಂದಿನ ಜಗಲಿಯಂತೆ ಒಂದು ತುಂಡು ಸಮತಟ್ಟು ನೆಲವಿದ್ದರೆ, ಹಗಲೆಲ್ಲ ಅಲ್ಲಿ ಮಲಗಿ ಮೆಲುಕು ಹಾಕುವ ಮೃಗಕ್ಕೆ ಬೇರೆ ಏನೂ ಬೇಡ. ಹಿಂದೊಮ್ಮೆ ಕಾಳ್ಗಿಚ್ಚು ಹಾದುಹೋಗಿ ಹೊಸ ಹುಲ್ಲೆದ್ದ ಸ್ಥಳಗಳೂ ಅದಕ್ಕೆ ಇಷ್ಟವೇ. ಹಿಮ ಮೊಳಕಾಲು ಮುಳುಗುವಷ್ಟಾದಾಗ ಹೆಣ್ಣುಗಳ ಹಿಂಡು ತಗ್ಗಿಗಿಳಿದು ಹೋದರೂ, ದೇಹಬಲವುಳ್ಳ ಹಿರಿಯ ಗಂಡು ಅದೇ ಎತ್ತರದಲ್ಲಿ ಗೊರಸಿನಿಂದ ಹಿಮವನ್ನು ಕೆದಕಿ ಹುಲ್ಲನ್ನು ತಿನ್ನುತ್ತ ಉಳಿದುಬಿಡುವುದನ್ನು ನಾನು ಕಂಡಿದ್ದೇನೆ.

ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಮಹಾರಾಜನು ರಥವೇರಿ ಜಿಂಕೆಯನ್ನು ಅಟ್ಟುತ್ತ ಬರುತ್ತಾನೆ. ಈ ಬೇಟೆ ಅದಕ್ಕೆ ನೇರ ವಿರುದ್ಧವಾದುದು. ಇದರ ಸಾರವೆಲ್ಲ ಕುಳಿತುಕೊಳ್ಳುವುದರಲ್ಲಿದೆ. ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ, ನಕ್ಷತ್ರಗಳಿನ್ನೂ ಮಾಸದಿರುವಾಗ, ಕಣಿವೆಯ ಈಚೆಯ ಏಣನ್ನೇರಿ, ಬೆನ್ನಿಗೊಂದು ಬಂಡೆಯ ಆಸರೆ ಮಾಡಿಕೊಂಡು, ದುರ್ಬೀನನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎದುರಿನ ಇಳಿಜಾರನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮತ್ತೆ ಅದರ ಕೆಳಗಿನ ಪಟ್ಟೆಯನ್ನು ಈ ಅಂಚಿನಿಂದ ಆ ಅಂಚಿಗೆ, ಶಾಸನದ ಸವೆದ ಅಕ್ಷರಗಳನ್ನು ಓದುವಷ್ಟು ನಿಧಾನವಾಗಿ ನೋಡುತ್ತ ಹೋಗಬೇಕು. ಇಡೀ ಮೃಗವನ್ನು ಕಾಣುವೆನೆಂಬ ಆಸೆಯನ್ನು ಬಿಡಬೇಕು. ನೆಟ್ಟಗೆ ನಿಂತ ಮರಗಳ ನಡುವೆ ಅಡ್ಡಲಾಗಿ ಎಳೆದ ಒಂದು ಗೆರೆ, ಅದು ಬೆನ್ನು. ಕಂದುಗಪ್ಪಿನ ಕೊರಳು, ಅದರ ಹಿಂದೆ ಹೆಣ್ಣುಗಳದಕ್ಕಿಂತ ತಿಳಿಯಾದ, ಬಿಸಿಲಿನಲ್ಲಿ ಬಹುತೇಕ ಕೆನೆಬಣ್ಣಕ್ಕೆ ತಿರುಗುವ ಮೈ. ಕೊಂಬೆಯೆಂದು ಭಾವಿಸಿದ್ದು ಮೆಲ್ಲನೆ ಹೊರಳಿದರೆ ಅದು ಆರು ಕವಲಿನ ಕೊಂಬು. ನೆರಳಿನ ಅಂಚಿನಲ್ಲಿ ಅದು ಮೇಯುವ ಕಾಲ ಮುಂಜಾನೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ. ಕಣಿವೆಯಿಂದ ಕಣಿವೆಗೆ ದಿನವಿಡೀ ನಡೆಯುವ ಉತ್ಸಾಹಿ ತರುಣರ ಕಾಲ್ಬಲವನ್ನು ನಾನು ಮೆಚ್ಚುತ್ತೇನೆ; ಆದರೆ ಅವರು ಏದುಸಿರಿನಿಂದ ಹತ್ತುವ ಹೊತ್ತಿನಲ್ಲಿಯೇ ಮೃಗ ಎದ್ದು, ಮೇದು, ಮತ್ತೆ ಮಲಗಿರುತ್ತದೆ.

ಕಂಡಮೇಲೆ ಸಮೀಪಿಸುವುದಿದೆಯಲ್ಲ, ಅದು ಗಾಳಿಯೊಡನೆ ಮಾಡುವ ಒಪ್ಪಂದ. ಬೆಳಗಿನ ಜಾವದಲ್ಲಿ ತಣ್ಣನೆಯ ಗಾಳಿ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದೊಡನೆ ಮೇಲಕ್ಕೇರತೊಡಗುತ್ತದೆ. ಈ ತಿರುವಿನ ಗಳಿಗೆಯನ್ನು ಕಾದಿದ್ದು, ಅನಂತರ ಮೇಲಿನಿಂದಲೋ ಮಗ್ಗುಲಿನಿಂದಲೋ ಇಳಿದರೆ ಮಾತ್ರ ಮನುಷ್ಯನ ವಾಸನೆ ಅದರ ಮೂಗಿಗೆ ತಾಗುವುದಿಲ್ಲ. ಹೊಸ ಹಿಮ ಬಿದ್ದ ದಿನ ಜಾಡು ಹಿಡಿಯುವ ಸುಖ ಬೇರೆ: ಹೆಣ್ಣಿನ ಹೆಜ್ಜೆಗಿಂತ ದೊಡ್ಡದಾದ, ದುಂಡನೆಯ ಗೊರಸಿನ ಗುರುತು, ಇನ್ನೂ ಆವಿಯಾಡುವ ಹಿಕ್ಕೆ, ಅಗಲವಾದ ಕೊಂಬಿಗೆ ಎಡೆ ಸಾಲದೆ ಒತ್ತಾದ ಮರಗಳನ್ನು ಬಳಸಿ ಹೋದ ದಾರಿ.

ಗುಂಡು ಹಾರಿಸುವ ವಿಚಾರದಲ್ಲಿ ನಿಯಮಗಳು ನಿಷ್ಠುರವಾಗಿವೆ, ಹಾಗಿರುವುದೇ ಸರಿ. ಹೊತ್ತು ಮೂಡುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಅನುಮತಿ. ಮೈಮೇಲೆ ದೂರಕ್ಕೂ ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪು ಕಡ್ಡಾಯ. ಕೊಂದ ಮೃಗದ ತಿನ್ನತಕ್ಕ ಮಾಂಸವನ್ನು ಹಾಳುಗೆಡಹುವುದು ಅಪರಾಧ. ಹಿರಿಯ ಗಂಡಿನ ಮಾಂಸ, ಎಲುಬು ತೆಗೆದ ಮೇಲೆಯೂ, ಎಂಬತ್ತು ತೊಂಬತ್ತು ಕಿಲೋಗ್ರಾಂ ತೂಗುವುದುಂಟು. ಅದೆಲ್ಲವನ್ನೂ ಬೆನ್ನ ಮೇಲೆ ಹೊತ್ತು ತರಬೇಕಾದುದು ಮೃಗ ಆರಿಸಿಕೊಂಡ ಆ ದುರ್ಗಮ ತಾಣದಿಂದಲೇ. ಈ ಕಾರಣಕ್ಕೆ ಕಂಡ ಗಂಡನ್ನು ನಾನು ಎಷ್ಟೋ ಸಲ ಕೇವಲ ನೋಡಿ, ಸಂಜೆಯವರೆಗೂ ನೋಡಿ, ತೃಪ್ತನಾಗಿ ಎದ್ದು ಬಂದಿದ್ದೇನೆ. ಅಂತಹ ದಿನದಲ್ಲಿ ಯಾವುದೂ ಕೊರತೆಯಾಯಿತೆಂದು ನನಗೆ ತೋರಿಲ್ಲ, ಏಕೆಂದರೆ ಹುಡುಕಿ ಕಾಣುವುದೇ ಈ ವಿದ್ಯೆಯ ಮುಕ್ಕಾಲು ಪಾಲು.

ಮಕ್ಕಳನ್ನೋ ನೆಂಟರನ್ನೋ ಕಾಣಲು ಡೆನ್ವರ್ ನಗರದ ಕಡೆಗೆ ಬರುವ ಕನ್ನಡಿಗರು ಈ ಆನಂದವನ್ನು ಕೋವಿಯಿಲ್ಲದೆಯೇ ಪಡೆಯಬಹುದು. 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್ ಸೀಮೆಯಿಂದ 49 ಎಲ್ಕ್‌ಗಳನ್ನು ತಂದು ಬಿಟ್ಟ ಎಸ್ಟೆಸ್ ಪಾರ್ಕ್ ಕಣಿವೆಯೂ, ಅದಕ್ಕೆ ಹೊಂದಿಕೊಂಡ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನವೂ ಅಲ್ಲಿಂದ ಎರಡು ಗಂಟೆಯ ಹಾದಿಯೊಳಗಿವೆ. ಉದ್ಯಾನದಲ್ಲಿ ಬೇಟೆ ನಿಷಿದ್ಧ. ನವೆಂಬರಿನ ಒಂದು ಮುಂಜಾನೆ ಒಳ್ಳೆಯ ದುರ್ಬೀನೊಂದನ್ನು ಹಿಡಿದು, ಬೆಚ್ಚನೆಯ ಬಟ್ಟೆ ತೊಟ್ಟು, ಮೊರೇನ್ ಪಾರ್ಕಿನ ಹುಲ್ಲುಗಾವಲಿನ ಎದುರು ಕುಳಿತು ಮರಗಳ ನೆರಳಂಚನ್ನು ನೋಡಿರಿ. ಗಂಡುಗಳ ಕೊಂಬು ಉದುರುವುದು ಮಾರ್ಚಿ ತಿಂಗಳ ಸುಮಾರಿಗೆ. ಆದುದರಿಂದ ನವೆಂಬರಿನಲ್ಲಿ ಬರಲಾಗದವರು ಜನವರಿಯಲ್ಲಿ ಬಂದರೂ ಆಗುತ್ತದೆ.