ಖಾಲಿ ಉಳಿದ ಮೂಲೆ

ವರ್ಗ ಸಮೀಕರಣ ಎಂದೊಡನೆ ಮುಖ ಸಪ್ಪಗೆ ಮಾಡುವ ಮಕ್ಕಳನ್ನು ಕೊಪ್ಪಳ ಸೀಮೆಯ ಶಾಲೆಗಳಲ್ಲಿ ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಮೊದಮೊದಲು ನಾನೂ ಸೂತ್ರವನ್ನೇ ಬಾಯಿಪಾಠ ಮಾಡಿಸುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕೆಂಬುದು ನನ್ನ ನಂಬಿಕೆಯಾಗಿತ್ತು.

ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು, 'ಸರ್, ಈ ಸೂತ್ರ ಎಲ್ಲಿಂದ ಬಂತ್ರೀ?' ಎಂದಳು. 'ಪರೀಕ್ಷೆಗೆ ಅದು ಬೇಕಿಲ್ಲ, ಕೂಡು' ಎಂದುಬಿಟ್ಟೆ. ಮತ್ತೆಂದೂ ಅವಳು ಪ್ರಶ್ನೆ ಕೇಳಲಿಲ್ಲ. ಆ ವರ್ಷ ಗಣಿತದಲ್ಲಿ ನಪಾಸಾಗಿ ಹತ್ತಿ ಬೀಜೋತ್ಪಾದನೆಯ ಹೊಲಕ್ಕೆ ಕೂಲಿಗೆ ಹೋದಳು. ಅದರಲ್ಲಿ ನನ್ನ ಪಾಲೂ ಇತ್ತೆಂಬ ಅರಿವು ತಡವಾಗಿ ಬಂತು.

ಈಗ ಪಾಠ ಶುರುವಾಗುವುದು ಕಾಗದ, ಕತ್ತರಿಯಿಂದ. ಒಂದು ಮಡಿಯ ಉದ್ದ ಅಗಲಕ್ಕಿಂತ 6 ಮೀಟರ್ ಹೆಚ್ಚು, ವಿಸ್ತೀರ್ಣ 40 ಚದರ ಮೀಟರ್. ಅಗಲ ಎಷ್ಟು? ಅಗಲವನ್ನು 'ಕ್ಷ' ಎನ್ನೋಣ. ಕ್ಷ ಬಾಹುವಿನ ಒಂದು ಚೌಕ, ಅದರ ಪಕ್ಕ 6 ಮೀಟರ್ ಅಗಲದ ಪಟ್ಟಿ. ಪಟ್ಟಿಯನ್ನು ಉದ್ದಕ್ಕೆ ಸಮನಾಗಿ ಸೀಳಿ, ಒಂದನ್ನು ಚೌಕದ ಬಲಕ್ಕೂ ಇನ್ನೊಂದನ್ನು ಕೆಳಕ್ಕೂ ಇಟ್ಟರೆ ಒಂದು ಮೂಲೆ ಖಾಲಿ ಉಳಿಯುತ್ತದೆ. ಅದು 3 × 3, ಅಂದರೆ 9. ತುಂಬಿದರೆ 40 ಹೋಗಿ 49. ದೊಡ್ಡ ಚೌಕದ ಬಾಹು 7. ಅದರಲ್ಲಿ 3 ಕಳೆದರೆ ಅಗಲ 4. ಇದೇ ವರ್ಗ ಪೂರ್ಣಗೊಳಿಸುವ ವಿಧಾನ. ಸೂತ್ರ ಹುಟ್ಟಿದ್ದು ಇದರಿಂದಲೇ.

ಅಪವರ್ತನ ವಿಧಾನ ಚುರುಕು: 10 ಮತ್ತು 4ರ ಗುಣಲಬ್ಧ 40, ವ್ಯತ್ಯಾಸ 6. ಆದರೆ 40ರ ಬದಲು 41 ಇದ್ದರೆ ಅಂಥ ಪೂರ್ಣಸಂಖ್ಯೆಗಳೇ ಸಿಗುವುದಿಲ್ಲ. ಸೂತ್ರ ಎಲ್ಲ ಕಡೆ ನಡೆಯುತ್ತದೆ. ಆದರೆ ಚಿಹ್ನೆ ತಪ್ಪಿದರೆ ಎಲ್ಲಿ ತಪ್ಪಿತೆಂದು ಮಗುವಿಗೆ ತಿಳಿಯುವುದಿಲ್ಲ. ಮೂರೂ ಬೇಕು, ಆದರೆ ಚಿತ್ರ ಮೊದಲು, ಸೂತ್ರ ಕೊನೆಗೆ.

ಈ ಗಣಿತ ನಮಗೆ ಹೊಸದಲ್ಲ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲೊಂದು ಒಂಟೆಗಳ ಲೆಕ್ಕವಿದೆ: ಹಿಂಡಿನ ಕಾಲುಭಾಗ ಕಾಡಿನಲ್ಲಿ, ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, ಉಳಿದ 15 ನದೀತೀರದಲ್ಲಿ. ಒಟ್ಟು 36. ವಿದ್ಯಾರ್ಥಿಗಳೇ, ವರ್ಗಮೂಲವನ್ನು 'ಕ್ಷ' ಎಂದಿಟ್ಟು ದಾರಿ ನೀವೇ ಹುಡುಕಿ. ಅದೇ ಕಾಲದ 'ಕವಿರಾಜಮಾರ್ಗ' ತಿರುಳ್ಗನ್ನಡದ ಊರುಗಳಲ್ಲಿ ನಮ್ಮ ಕೊಪಣವನ್ನೂ ಹೆಸರಿಸಿದೆ.

ಪಾಲಕರೇ, 'ಎಷ್ಟು ಅಂಕ ಬಂತು' ಎನ್ನುವ ಮೊದಲು 'ಉತ್ತರ ಹೇಗೆ ಬಂತು' ಎಂದು ಕೇಳಿರಿ.

ಆ ಹುಡುಗಿಯ ಮಗ ಈಗ ನನ್ನ ತರಗತಿಯಲ್ಲಿದ್ದಾನೆ. ಕಾಗದದ ಚೌಕವನ್ನು ಮನೆಗೊಯ್ದು ತಾಯಿಗೆ ತೋರಿಸಿದನಂತೆ. ಆಕೆ ತುಸು ಹೊತ್ತು ನೋಡಿ, 'ಇಷ್ಟ ಏನು?' ಎಂದಳಂತೆ.